ಸೂತ್ರ ಬಾಯಿಪಾಠ, ವಾಕ್ಯ ಮಾತ್ರ ತಪ್ಪು: ಪ್ರೆಸೆಂಟ್ ಕಂಟಿನ್ಯುಅಸ್ ಬಗ್ಗೆ ಸಹಾಯ ಬೇಕು

ಪ್ರಶ್ನೆ: ಹೊಸಕಲಿಕೆ

ನಮಸ್ಕಾರ. ಪ್ರೆಸೆಂಟ್ ಕಂಟಿನ್ಯುಅಸ್ ಅಂದರೆ ‘ಆ್ಯಮ್, ಈಸ್, ಆರ್’ ಇವುಗಳಲ್ಲಿ ಒಂದನ್ನು ಹಾಕಿ, ಕ್ರಿಯಾಪದಕ್ಕೆ ‘ಇಂಗ್’ ಸೇರಿಸುವುದು. ಇಷ್ಟು ಗೊತ್ತು. ಆದರೆ ಕನ್ನಡ ವಾಕ್ಯವನ್ನು ಇಂಗ್ಲಿಷಿಗೆ ತರುವಾಗ ಎಲ್ಲೋ ಎಡವುತ್ತೇನೆ. ಕೆಳಗಿನವೆಲ್ಲ ತಪ್ಪು ಎಂದು ತಿದ್ದಲಾಗಿದೆ. ಸರಿ ಉತ್ತರಕ್ಕಿಂತ ಹೆಚ್ಚಾಗಿ, ಯಾಕೆ ತಪ್ಪು ಅನ್ನುವುದು ಬೇಕು.

1. ನಾನು ಬರುತ್ತಿಲ್ಲ: ‘ಐ ನಾಟ್ ಕಮಿಂಗ್.’
2. ನೀನು ಏನು ಮಾಡುತ್ತಿದ್ದೀಯ?: ‘ವಾಟ್ ಯು ಆರ್ ಡೂಯಿಂಗ್?’
3. ನನಗೆ ಅರ್ಥವಾಗುತ್ತಿಲ್ಲ: ‘ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್.’
4. ನನಗೆ ಇಬ್ಬರು ತಂಗಿಯರಿದ್ದಾರೆ: ‘ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್.’
5. ಅವನು ಕುರ್ಚಿಯ ಮೇಲೆ ಕೂತಿದ್ದಾನೆ: ‘ಹಿ ಹ್ಯಾಸ್ ಸ್ಯಾಟ್ ಆನ್ ದ ಚೇರ್.’
6. ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ: ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್.’

ಇದಲ್ಲದೆ ‘ರೈಟಿಂಗ್’ ಪದದಲ್ಲಿ ಎರಡು ‘ಟಿ’ ಬರೆದದ್ದೂ ತಪ್ಪಂತೆ. ‘ಸಿಟಿಂಗ್’ನಲ್ಲಿ ಎರಡಿದೆಯಲ್ಲ, ಇಲ್ಲಿ ಯಾಕಿಲ್ಲ?

ಉತ್ತರ: ಪದಶೋಧ

ಮೊದಲ ಎರಡಕ್ಕೆ ನಾನು ಹೇಳುತ್ತೇನೆ, ಉಳಿದದ್ದನ್ನು ಬೇರೆಯವರು ನೋಡಿಕೊಳ್ಳಲಿ.

‘ಹೋಗುತ್ತಿದ್ದೇನೆ’ ಅನ್ನುವುದನ್ನು ಒಂದೇ ಪದ ಅಂದುಕೊಳ್ಳಬೇಡಿ. ಮಾತಿನಲ್ಲಿ ಅದನ್ನು ಹೇಗೆ ಹೇಳುತ್ತೀರಿ ನೋಡಿ: ‘ಹೋಗ್ತಾ ಇದೀನಿ.’ ಎರಡು ತುಂಡು ಕಿವಿಗೇ ಕೇಳಿಸುತ್ತದೆ. ‘ಹೋಗ್ತಾ’ ಅನ್ನುವುದು ‘ಗೋಯಿಂಗ್’, ‘ಇದೀನಿ’ ಅನ್ನುವುದು ‘ಆ್ಯಮ್’. ಇಂಗ್ಲಿಷಿನವರು ತುಂಡುಗಳನ್ನು ಹಿಂದುಮುಂದು ಮಾಡಿ ‘ಆ್ಯಮ್ ಗೋಯಿಂಗ್’ ಎನ್ನುತ್ತಾರೆ, ಅಷ್ಟೇ. ‘ಐ ಗೋಯಿಂಗ್’ ಅಂದರೆ ‘ನಾನು ಹೋಗ್ತಾ’ ಅಂದು ಬಾಯಿ ಮುಚ್ಚಿದ ಹಾಗೆ. ‘ಐ ಆ್ಯಮ್ ಗೋ’ ಅಂದರೆ ‘ನಾನು ಹೋಗು ಇದೀನಿ’ ಅಂದ ಹಾಗೆ. ಎರಡೂ ಕನ್ನಡದಲ್ಲೇ ಕಿವಿಗೆ ಚುಚ್ಚುತ್ತವಲ್ಲ, ಇಂಗ್ಲಿಷಿನವರಿಗೂ ಹಾಗೇ ಚುಚ್ಚುತ್ತದೆ.

ಎರಡನೇ ತುಂಡು ಯಾರ ಬಗ್ಗೆ ಮಾತು ಅನ್ನುವುದಕ್ಕೆ ತಕ್ಕಂತೆ ಬದಲಾಗುತ್ತದೆ. ‘ಇದ್ದೇನೆ’ಗೆ ‘ಆ್ಯಮ್’. ‘ಇದ್ದಾನೆ, ಇದ್ದಾಳೆ, ಇದೆ’ ಮೂರಕ್ಕೂ ‘ಈಸ್’. ‘ಇದ್ದೇವೆ, ಇದ್ದೀಯ, ಇದ್ದೀರಿ, ಇವೆ’ ಇಷ್ಟಕ್ಕೂ ‘ಆರ್’. ‘ಇದ್ದಾರೆ’ ಒಂದರಲ್ಲಿ ಮಾತ್ರ ಹುಷಾರಾಗಿರಬೇಕು. ‘ಹುಡುಗರು ಬರುತ್ತಿದ್ದಾರೆ’ಯಲ್ಲಿ ಅದು ನಿಜವಾದ ಬಹುವಚನ, ಆದ್ದರಿಂದ ‘ಆರ್’. ‘ಅಪ್ಪ ಬರುತ್ತಿದ್ದಾರೆ’ಯಲ್ಲಿ ಅದು ಗೌರವ, ಬರುವವರು ಒಬ್ಬರೇ, ಆದ್ದರಿಂದ ‘ಮೈ ಫಾದರ್ ಈಸ್ ಕಮಿಂಗ್.’ ಇಂಗ್ಲಿಷ್ ಕ್ರಿಯಾಪದದಲ್ಲಿ ಗೌರವಕ್ಕೆ ಜಾಗವಿಲ್ಲ, ತಲೆ ಎಣಿಸಿ ಬರೆಯಬೇಕು. ಇದಕ್ಕೆ ‘ಯು’ ಒಂದೇ ಅಪವಾದ: ಎದುರಿಗೆ ಒಬ್ಬನೇ ಇದ್ದರೂ ‘ಆರ್’.

ಈಗ ನಿಮ್ಮ 1ನೇ ವಾಕ್ಯ. ಕನ್ನಡದಲ್ಲಿ ‘ಬರುತ್ತಿದ್ದೇನೆ, ಬರುತ್ತಿದ್ದಾನೆ, ಬರುತ್ತಿದ್ದಾರೆ’ ಎಲ್ಲವೂ ‘ಇಲ್ಲ’ ಸೇರಿದ ಕೂಡಲೇ ‘ಬರುತ್ತಿಲ್ಲ’ ಆಗಿಬಿಡುತ್ತವೆ. ನಾನೂ ಬರುತ್ತಿಲ್ಲ, ಅವನೂ ಬರುತ್ತಿಲ್ಲ, ಅವರೂ ಬರುತ್ತಿಲ್ಲ. ‘ಇದ್ದೇನೆ’ಯನ್ನು ‘ಇಲ್ಲ’ ನುಂಗಿಹಾಕಿತು. ಅದಕ್ಕೇ ಇಂಗ್ಲಿಷಿನಲ್ಲೂ ‘ನಾಟ್’ ಬಂದರೆ ‘ಆ್ಯಮ್’ ಬೇಡವಾಯಿತು ಅಂತ ಕೈ ತಾನಾಗಿ ಬಿಟ್ಟುಬಿಡುತ್ತದೆ. ಅಲ್ಲಿ ನುಂಗುವುದಿಲ್ಲ. ಮೊದಲು ಹೌದು ಅನ್ನುವ ವಾಕ್ಯ ಪೂರ್ತಿ ಬರೆಯಿರಿ: ‘ಐ ಆ್ಯಮ್ ಕಮಿಂಗ್.’ ಆಮೇಲೆ ‘ಆ್ಯಮ್’ ಆದ ತಕ್ಷಣ ‘ನಾಟ್’ ತುರುಕಿ: ‘ಐ ಆ್ಯಮ್ ನಾಟ್ ಕಮಿಂಗ್.’ ಚಿಕ್ಕದು ಮಾಡುವಾಗ ‘ಈಸಂಟ್’, ‘ಆರಂಟ್’ ಉಂಟು, ಆದರೆ ಪ್ರಮಾಣಿತ ಇಂಗ್ಲಿಷಿನಲ್ಲಿ ‘ಆ್ಯಮ್ ನಾಟ್’ಗೆ ಅಂಥ ರೂಪವಿಲ್ಲ. ‘ಐಮ್ ನಾಟ್’ ಅನ್ನಬೇಕು. ‘ಬರುತ್ತಿದ್ದೇನೆ, ಅಲ್ವಾ?’ ಅನ್ನುವ ಬಾಲದಲ್ಲಿ ಮಾತ್ರ ವಿಚಿತ್ರವಾಗಿ ‘ಆರಂಟ್ ಐ?’ ಎನ್ನುತ್ತಾರೆ.

2ನೇ ವಾಕ್ಯ. ಕನ್ನಡದಲ್ಲಿ ಪ್ರಶ್ನೆ ಕೇಳಲು ಪದಗಳು ಜಾಗ ಬಿಟ್ಟು ಕದಲುವುದಿಲ್ಲ. ‘ಬರುತ್ತಿದ್ದಾನೆ’ಗೆ ಒಂದು ‘ಆ’ ಅಂಟಿಸಿದರೆ ‘ಬರುತ್ತಿದ್ದಾನಾ?’ ಆಯಿತು. ಇಂಗ್ಲಿಷಿನಲ್ಲಿ ‘ಹಿ’ ಮತ್ತು ‘ಈಸ್’ ಜಾಗ ಬದಲಿಸಿಕೊಳ್ಳಬೇಕು: ‘ಈಸ್ ಹಿ ಕಮಿಂಗ್?’ ‘ವಾಟ್, ವೇರ್, ವೈ’ ಮುಂದೆ ಬಂದರೂ ಈ ಅದಲುಬದಲು ತಪ್ಪುವುದಿಲ್ಲ: ‘ವಾಟ್ ಆರ್ ಯು ಡೂಯಿಂಗ್?’ ‘ಹೂ’ ಎಂಬುದೇ ಕೆಲಸ ಮಾಡುವವರ ಜಾಗದಲ್ಲಿ ಕೂತಾಗ ಬದಲಿಸಲು ಏನೂ ಉಳಿಯುವುದಿಲ್ಲ: ‘ಹೂ ಈಸ್ ಕಾಲಿಂಗ್?’

ಒಂದು ತಮಾಷೆ. ನೀವು ಬರೆದ ‘ವಾಟ್ ಯು ಆರ್ ಡೂಯಿಂಗ್’ ಇನ್ನೊಂದು ಕಡೆ ಪೂರ್ತಿ ಸರಿ. ‘ಏನು ಮಾಡುತ್ತಿದ್ದೀಯ ಹೇಳು’ ಅನ್ನಲು ‘ಟೆಲ್ ಮಿ ವಾಟ್ ಯು ಆರ್ ಡೂಯಿಂಗ್.’ ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಹೋದರೆ ಅದಲುಬದಲು ನಿಲ್ಲುತ್ತದೆ. ಜನ ಇಲ್ಲಿ ‘ಟೆಲ್ ಮಿ ವಾಟ್ ಆರ್ ಯು ಡೂಯಿಂಗ್’ ಅಂತ ಉಲ್ಟಾ ತಪ್ಪು ಮಾಡುತ್ತಾರೆ.

ಉತ್ತರ: ಕಾಗುಣಿತ

ಸ್ಪೆಲಿಂಗ್ ಮಾತ್ರ ನನ್ನ ಪಾಲು. ಅಕ್ಷರಗಳನ್ನು ಅವುಗಳ ಇಂಗ್ಲಿಷ್ ಹೆಸರಿನಲ್ಲೇ ಬರೆಯುತ್ತೇನೆ.

‘ರೈಟ್’ ಪದದ ಕೊನೆಯಲ್ಲಿ ಉಚ್ಚಾರವಿಲ್ಲದ ಒಂದು ‘ಇ’ ಇದೆ. ಅದನ್ನು ಕಿತ್ತು ‘ಐ-ಎನ್-ಜಿ’ ಸೇರಿಸುತ್ತೇವೆ, ಮುಗಿಯಿತು. ‘ಸಿಟ್’ನಲ್ಲಿ ಕೀಳಲು ‘ಇ’ ಇಲ್ಲ. ಕೊನೆಯಲ್ಲಿ ಒಂದೇ ವ್ಯಂಜನ, ಅದರ ಹಿಂದೆ ಒಂದೇ ಸ್ವರ, ಆದ್ದರಿಂದ ‘ಟಿ’ ಎರಡಾಗುತ್ತದೆ. ಈ ಎರಡನೇ ಅಕ್ಷರ ಕಾವಲುಗಾರ ಇದ್ದಂತೆ, ಹಿಂದಿನ ಸ್ವರ ಉದ್ದವಾಗದಂತೆ ತಡೆಯುತ್ತದೆ. ಕುಪ್ಪಳಿಸುವ ‘ಹಾಪಿಂಗ್’ಗೆ ಎರಡು ‘ಪಿ’, ಆಶಿಸುವ ‘ಹೋಪಿಂಗ್’ಗೆ ಒಂದು ‘ಪಿ’. ಒಂದಕ್ಷರ ತಪ್ಪಿದರೆ ‘ನಿಮ್ಮನ್ನು ನೋಡುವ ಆಸೆಯಲ್ಲಿದ್ದೇನೆ’ ಎಂಬುದು ಕುಪ್ಪಳಿಸುವುದಾಗುತ್ತದೆ. ನಿಮಗೆ ‘ರೈಟಿಂಗ್’ನಲ್ಲಿ ಎರಡು ‘ಟಿ’ ಬಂದದ್ದು ಬಹುಶಃ ‘ರಿಟನ್’ ಪದದಿಂದ. ಅದರಲ್ಲಿ ನಿಜಕ್ಕೂ ಎರಡಿದೆ, ಯಾಕೆಂದರೆ ಅಲ್ಲಿ ಸ್ವರ ಗಿಡ್ಡ.

ಎರಡು ಮಾಡಬಾರದ ಜಾಗಗಳು: ವ್ಯಂಜನದ ಹಿಂದೆ ಎರಡು ಸ್ವರವಿದ್ದರೆ ಇಲ್ಲ, ‘ರೀಡಿಂಗ್, ವೇಟಿಂಗ್, ಸ್ಲೀಪಿಂಗ್’. ಕೊನೆಯಲ್ಲಿ ಎರಡು ವ್ಯಂಜನವಿದ್ದರೂ ಇಲ್ಲ, ‘ಹೆಲ್ಪಿಂಗ್, ಸ್ಟಾರ್ಟಿಂಗ್’. ಕೊನೆಯಕ್ಷರ ‘ಡಬ್ಲ್ಯು, ಎಕ್ಸ್, ವೈ’ ಆಗಿದ್ದರೆ ಎಂದಿಗೂ ಇಲ್ಲ, ‘ಶೋಯಿಂಗ್, ಫಿಕ್ಸಿಂಗ್, ಪ್ಲೇಯಿಂಗ್’.

ಪದ ಉದ್ದವಾಗಿದ್ದರೆ ಒತ್ತು ಎಲ್ಲಿ ಬೀಳುತ್ತದೆ ಅಂತ ಬಾಯಲ್ಲಿ ಹೇಳಿ ನೋಡಬೇಕು. ‘ಬಿಗಿನ್’, ‘ಫರ್ಗೆಟ್’, ‘ಪ್ರಿಫರ್’ ಪದಗಳಲ್ಲಿ ಒತ್ತು ಕೊನೆಗೆ, ಹಾಗಾಗಿ ಕೊನೆಯ ಅಕ್ಷರ ಎರಡು. ‘ಓಪನ್’, ‘ವಿಸಿಟ್’, ‘ಲಿಸನ್’ ಪದಗಳಲ್ಲಿ ಒತ್ತು ಮೊದಲಿಗೆ, ಹಾಗಾಗಿ ಒಂದೇ. ‘ಟ್ರಾವೆಲ್’ ಈ ನಿಯಮದ ಪ್ರಕಾರ ಒಂದೇ ‘ಎಲ್’ ಉಳಿಸಿಕೊಳ್ಳಬೇಕು, ಅಮೆರಿಕದವರು ಹಾಗೇ ಬರೆಯುತ್ತಾರೆ. ಬ್ರಿಟಿಷರು ಎರಡು ‘ಎಲ್’ ಹಾಕುತ್ತಾರೆ. ಎರಡೂ ಸರಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಬಿಡಿ ಸಂಗತಿಗಳು: ‘ಲೈ, ಡೈ, ಟೈ’ ಪದಗಳ ಕೊನೆಯ ‘ಐ-ಇ’ ಹೋಗಿ ‘ವೈ’ ಬರುತ್ತದೆ. ಬಣ್ಣ ಹಾಕುವ ‘ಡೈ’ ಬೇರೆ ಪದ, ಅದು ‘ಇ’ ಬಿಡುವುದಿಲ್ಲ. ಬಿಟ್ಟರೆ ಬಟ್ಟೆಗೆ ಬಣ್ಣ ಹಾಕುತ್ತಿರುವವರು ಸಾಯುತ್ತಿರುವವರಾಗುತ್ತಾರೆ. ‘ಸೀ’, ‘ಅಗ್ರೀ’ ಪದಗಳ ಎರಡು ‘ಇ’ ಹಾಗೇ ಇರುತ್ತವೆ. ‘ಪ್ಯಾನಿಕ್’ಗೆ ‘ಕೆ’ ಸೇರುತ್ತದೆ. ‘ಸ್ಟಡಿ’ಯಲ್ಲಿ ‘ವೈ’ ಉಳಿಸಿಯೇ ‘ಐ-ಎನ್-ಜಿ’ ಹಾಕಬೇಕು. ‘ಸ್ಟಡೀಸ್’ ಬರೆದು ರೂಢಿಯಾದವರು ‘ವೈ’ಯನ್ನು ತಿಂದುಹಾಕುವುದು ದಿನಾ ಕಾಣುವ ತಪ್ಪು.

ಪ್ರಶ್ನೆ ಕೇಳಿದವರು: ಹೊಸಕಲಿಕೆ

ಇಬ್ಬರಿಗೂ ಧನ್ಯವಾದ. ‘ಇಲ್ಲ’ ನುಂಗಿಹಾಕುತ್ತೆ ಅನ್ನುವುದು ಚೆನ್ನಾಗಿ ಹಿಡಿಯಿತು. ಆದರೆ 3ನೆಯದು ಇನ್ನೂ ಒಗಟು. ‘ಅರ್ಥವಾಗುತ್ತಿಲ್ಲ’ ಅಂದರೆ ಈ ಕ್ಷಣದ ಮಾತು ತಾನೆ? ಈ ಕ್ಷಣದ್ದಕ್ಕೆ ಕಂಟಿನ್ಯುಅಸ್ ಅಂತಲ್ಲವೆ ನಿಯಮ? ಕೆಲವು ಕ್ರಿಯಾಪದಗಳಿಗೆ ‘ಇಂಗ್’ ಬರಲ್ಲ ಅನ್ನುವುದಾದರೆ ಮೆಕ್‌ಡೊನಾಲ್ಡ್ಸ್‌ನವರು ‘ಐಮ್ ಲವಿನ್ ಇಟ್’ ಅಂತ ಹೇಗೆ ಹಾಕಿಕೊಂಡಿದ್ದಾರೆ?

ಉತ್ತರ: ಎರಡುನುಡಿ

ನಿಯಮ ಅರ್ಧ ಹೇಳಿಕೊಟ್ಟರೆ ಹೀಗೇ ಆಗುವುದು. ಈ ಕ್ಷಣದ್ದಾಗಿದ್ದರೆ ಸಾಲದು, ಅದು ನಡೆಯುತ್ತಿರುವ ಕೆಲಸವೂ ಆಗಿರಬೇಕು. ಅರ್ಥವಾಗುವುದು, ಗೊತ್ತಿರುವುದು, ಬೇಕಾಗಿರುವುದು ನಾವು ಮಾಡುವ ಕೆಲಸಗಳಲ್ಲ, ಒಂದು ಸ್ಥಿತಿ. ಸ್ಥಿತಿ ಹೇಳುವ ಕ್ರಿಯಾಪದಗಳಿಗೆ ಇಂಗ್ಲಿಷ್ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲ. ನಿಮ್ಮ ವಾಕ್ಯ ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’ ಆಗಬೇಕು.

ಇಂಥ ಕ್ರಿಯಾಪದಗಳ ಉದ್ದನೆ ಪಟ್ಟಿ ಉರು ಹೊಡೆಯುವವರಿದ್ದಾರೆ. ಕನ್ನಡ ಬಲ್ಲವರಿಗೆ ಅದು ಬೇಕಿಲ್ಲ, ಗುರುತು ನಮ್ಮ ವಾಕ್ಯದಲ್ಲೇ ಇದೆ. ನೋಡಿ: ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ಅರ್ಥವಾಗುತ್ತೆ, ನನಗೆ ನೆನಪಿದೆ, ನನಗೆ ಅನಿಸುತ್ತೆ, ನನಗೆ ಕಾಣಿಸುತ್ತೆ, ನನಗೆ ಕೇಳಿಸುತ್ತೆ, ನನಗೆ ಇಬ್ಬರು ತಂಗಿಯರಿದ್ದಾರೆ. ಎಲ್ಲದರಲ್ಲೂ ‘ನಾನು’ ಅಲ್ಲ, ‘ನನಗೆ’. ಇವುಗಳ ಇಂಗ್ಲಿಷ್: ‘ನೋ, ವಾಂಟ್, ಲೈಕ್, ಅಂಡರ್‌ಸ್ಟ್ಯಾಂಡ್, ರಿಮೆಂಬರ್, ಥಿಂಕ್, ಸೀ, ಹಿಯರ್, ಹ್ಯಾವ್’. ‘ಇಂಗ್’ ಒಲ್ಲದವುಗಳ ಪಟ್ಟಿಯ ದೊಡ್ಡ ಪಾಲು ಇದೇ. ಕೆಲಸ ನಾನು ಮಾಡಿದರೆ ‘ನಾನು’, ಅದು ನನಗೆ ಆಗಿಬಂದರೆ ‘ನನಗೆ’ ಅನ್ನುವ ವಿವೇಕ ಕನ್ನಡಕ್ಕೆ ಮೊದಲಿನಿಂದಲೂ ಇದೆ. ಅದನ್ನೇ ಇಲ್ಲಿ ದುಡಿಸಿಕೊಳ್ಳಿ. ನಿಮ್ಮ 4ನೆಯದು ‘ಐ ಹ್ಯಾವ್ ಟೂ ಸಿಸ್ಟರ್ಸ್.’

ಒಂದೇ ಇಂಗ್ಲಿಷ್ ಪದಕ್ಕೆ ಎರಡು ಮುಖವಿದ್ದಾಗ ಈ ಗುರುತು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ‘ಅವನು ಬರಲ್ಲ ಅಂತ ನನಗೆ ಅನಿಸುತ್ತಿದೆ’ ಅನ್ನಲು ‘ಐ ಥಿಂಕ್ ಹಿ ವೋಂಟ್ ಕಮ್’ ಅಂದರೂ ನಡೆಯುತ್ತದೆ, ‘ಐ ಡೋಂಟ್ ಥಿಂಕ್ ಹಿ ವಿಲ್ ಕಮ್’ ಅಂದರೆ ಇನ್ನೂ ಸಹಜ. ‘ನಾನು ಅದರ ಬಗ್ಗೆ ಯೋಚಿಸುತ್ತಿದ್ದೇನೆ’ ಅಂದರೆ ‘ಐ ಆ್ಯಮ್ ಥಿಂಕಿಂಗ್ ಅಬೌಟ್ ಇಟ್.’ ಅನಿಸಿದ್ದಕ್ಕೆ ‘ಇಂಗ್’ ಇಲ್ಲ, ಯೋಚಿಸುವುದಕ್ಕೆ ಇದೆ. ಫೋನಿನಲ್ಲಿ ‘ನನಗೆ ಕೇಳಿಸುತ್ತಿಲ್ಲ’ ಅನ್ನಲು ‘ಐ ಕಾಂಟ್ ಹಿಯರ್ ಯು’, ‘ಐ ಆ್ಯಮ್ ನಾಟ್ ಹಿಯರಿಂಗ್’ ಅಲ್ಲ. ‘ನಾನು ಕೇಳುತ್ತಿದ್ದೇನೆ, ನೀವು ಹೇಳಿ’ ಅನ್ನಲು ‘ಐ ಆ್ಯಮ್ ಲಿಸನಿಂಗ್.’ ‘ನನಗೆ ಬೋರ್ಡು ಕಾಣಿಸುತ್ತಿಲ್ಲ’ ಅಂದರೆ ‘ಐ ಕಾಂಟ್ ಸೀ ದ ಬೋರ್ಡ್’, ‘ನಾನು ಬೋರ್ಡು ನೋಡುತ್ತಿದ್ದೇನೆ’ ಅಂದರೆ ‘ಐ ಆ್ಯಮ್ ಲುಕಿಂಗ್ ಅಟ್ ದ ಬೋರ್ಡ್.’ ‘ಹ್ಯಾವ್’ ಕೂಡ ಹಾಗೆ: ತಂಗಿಯರಿರುವುದು ಸ್ಥಿತಿ, ಊಟ ಮಾಡುವುದು ಕೆಲಸ, ಆದ್ದರಿಂದ ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಸರಿ.

ಈ ಗುರುತು ಕೈಕೊಡುವ ಜಾಗಗಳೂ ಇವೆ. ‘ನನಗೆ ತಲೆ ಸುತ್ತುತ್ತಿದೆ’ ಅನ್ನಲು ‘ಐ ಫೀಲ್ ಡಿಝಿ’, ‘ಐ ಆ್ಯಮ್ ಫೀಲಿಂಗ್ ಡಿಝಿ’ ಎರಡೂ ನಡೆಯುತ್ತವೆ. ‘ನನಗೆ ಹಸಿವಾಗುತ್ತಿದೆ’ಗೆ ‘ಆ್ಯಮ್’ ಬಿಟ್ಟು ಬೇರೆ ಕ್ರಿಯಾಪದವೇ ಬೇಡ, ‘ಐ ಆ್ಯಮ್ ಹಂಗ್ರಿ.’ ‘ಓನ್, ಕಾಸ್ಟ್, ಮೀನ್’ ಇವುಗಳಿಗೆ ಕನ್ನಡದಲ್ಲಿ ‘ನನಗೆ’ ಇರುವುದಿಲ್ಲ, ಆದರೂ ಅವು ಸ್ಥಿತಿಯವೇ. ‘ಈ ಪದದ ಅರ್ಥವೇನು?’ ಅನ್ನಲು ‘ವಾಟ್ ಡಸ್ ದಿಸ್ ವರ್ಡ್ ಮೀನ್?’ ಎಂದೇ ಕೇಳಬೇಕು.

‘ಐಮ್ ಲವಿನ್ ಇಟ್’ 2003ರಲ್ಲಿ ಬಂದ ಜಾಹೀರಾತು ಸಾಲು. ‘ಲವ್’ಗೆ ‘ಇಂಗ್’ ಹಚ್ಚಿದರೆ ‘ಈಗ, ಈ ಗಳಿಗೆಯಲ್ಲಿ ಸವಿಯುತ್ತಿದ್ದೇನೆ’ ಅನ್ನುವ ಛಾಯೆ ಬರುತ್ತದೆ. ಕಂಪನಿಗೆ ಬೇಕಿದ್ದದ್ದು ಅದೇ. ಸಲುಗೆಯ ಮಾತಿನಲ್ಲಿ ಈ ಬಳಕೆ ಉಂಟು. ‘ನೋ’ ಅಥವಾ ‘ಬಿಲಾಂಗ್’ ಪದಕ್ಕೆ ಹೀಗೆ ಮಾಡಿದರೆ ಸಲುಗೆಯಲ್ಲೂ ಸಲ್ಲುವುದಿಲ್ಲ. ಪರೀಕ್ಷೆಯಲ್ಲಿ ‘ಐ ಲವ್ ಇಟ್’ ಬರೆಯಿರಿ.

ಇನ್ನು 5ನೆಯದು. ನನಗೆ ಹೆಚ್ಚು ಕುತೂಹಲದ್ದು ಇದೇ, ಯಾಕೆಂದರೆ ಇಲ್ಲಿ ಎರಡು ಭಾಷೆ ಎದುರುಬದುರು ನಿಲ್ಲುತ್ತವೆ. ‘ಕೂತಿದ್ದಾನೆ’ ಅಂದಾಗ ಕನ್ನಡ ಕೂರುವ ಕೆಲಸ ಮುಗಿದುಹೋಯಿತು, ಫಲ ಉಳಿದಿದೆ ಅಂತ ನೋಡುತ್ತದೆ. ಇಂಗ್ಲಿಷ್ ಆ ಭಂಗಿಯೇ ನಡೆಯುತ್ತಿದೆ ಅಂತ ನೋಡುತ್ತದೆ: ‘ಹಿ ಈಸ್ ಸಿಟಿಂಗ್ ಆನ್ ದ ಚೇರ್.’ ‘ನಿಂತಿದ್ದಾನೆ’ ‘ಈಸ್ ಸ್ಟ್ಯಾಂಡಿಂಗ್’, ‘ಮಲಗಿದ್ದಾನೆ’ ನಿದ್ದೆಯಲ್ಲಿದ್ದರೆ ‘ಈಸ್ ಸ್ಲೀಪಿಂಗ್’, ಸುಮ್ಮನೆ ಒರಗಿದ್ದರೆ ‘ಈಸ್ ಲೈಯಿಂಗ್ ಡೌನ್’, ‘ಕೊಡೆ ಹಿಡಿದುಕೊಂಡಿದ್ದಾನೆ’ ‘ಈಸ್ ಹೋಲ್ಡಿಂಗ್ ಆ್ಯನ್ ಅಂಬ್ರೆಲಾ’, ‘ನೀಲಿ ಅಂಗಿ ಹಾಕಿಕೊಂಡಿದ್ದಾನೆ’ ‘ಈಸ್ ವೇರಿಂಗ್ ಅ ಬ್ಲೂ ಶರ್ಟ್’. ಒಂದರಲ್ಲೂ ಕನ್ನಡದ ‘ಉತ್ತಾ’ ಇಲ್ಲ, ಎಲ್ಲದರಲ್ಲೂ ಇಂಗ್ಲಿಷಿನ ‘ಇಂಗ್’ ಇದೆ. ಚಿತ್ರ ನೋಡಿ ವರ್ಣಿಸುವ ಪ್ರಶ್ನೆಯಲ್ಲಿ ಅಂಕ ಹೋಗುವುದು ಇಲ್ಲೇ. ಕನ್ನಡದಲ್ಲಿ ‘ಅಂಗಿ ಹಾಕಿಕೊಳ್ಳುತ್ತಿದ್ದಾನೆ’ ಅಂದರೆ ತೋಳು ಇನ್ನೂ ಅರ್ಧ ಒಳಗಿದೆ, ಅದಕ್ಕೆ ಇಂಗ್ಲಿಷಿನಲ್ಲಿ ‘ಈಸ್ ಪುಟಿಂಗ್ ಆನ್’ ಅನ್ನುವ ಬೇರೆ ಮಾತೇ ಇದೆ.

ಇದರ ಜೊತೆಗೆ ಇನ್ನೊಂದು. ಯಾರಾದರೂ ಕರೆದರೆ ನಾವು ಎದ್ದೇ ಇರುವುದಿಲ್ಲ, ಆಗಲೇ ‘ಬಂದೆ, ಬಂದೆ!’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು ‘ಐ ಆ್ಯಮ್ ಕಮಿಂಗ್!’ ‘ಐ ಕೇಮ್’ ಅಂದರೆ ಕೇಳಿದವರು ಬಾಗಿಲ ಕಡೆ ನೋಡುತ್ತಾರೆ.

ಉತ್ತರ: ಕಾಲಗಣಕ

6ನೆಯದನ್ನು ಯಾರೂ ಮುಟ್ಟಿಲ್ಲ. ವಾಕ್ಯದಲ್ಲಿ ‘ಎರಡು ವರ್ಷದಿಂದ’ ಅನ್ನುವ ‘ಇಂದ’ ಕಂಡರೆ ಪ್ರೆಸೆಂಟ್ ಕಂಟಿನ್ಯುಅಸ್ ಬಿಡಬೇಕು. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿದ್ದರೆ ‘ಹ್ಯಾವ್ ಬೀನ್’ ಅಥವಾ ‘ಹ್ಯಾಸ್ ಬೀನ್’ ಆದಮೇಲೆ ‘ಇಂಗ್’ ರೂಪ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್.’ ಎರಡನೇ ತಪ್ಪು ‘ಸಿನ್ಸ್’. ಅವಧಿಯ ಅಳತೆ ಹೇಳಿದರೆ ‘ಫಾರ್’, ಶುರುವಾದ ಬಿಂದು ಹೇಳಿದರೆ ‘ಸಿನ್ಸ್’: ‘ಫಾರ್ ಟೂ ಇಯರ್ಸ್’, ‘ಸಿನ್ಸ್ ಮಂಡೇ’. ಕನ್ನಡದಲ್ಲಿ ‘ಎರಡು ವರ್ಷದಿಂದ’, ‘ಸೋಮವಾರದಿಂದ’ ಎರಡಕ್ಕೂ ಒಂದೇ ‘ಇಂದ’ ಇರುವುದರಿಂದಲೇ ಈ ಗೊಂದಲ.

‘ಇಂದ’ ಇಲ್ಲದಿದ್ದರೂ ಯೋಚಿಸಿ. ‘ಏನು ಮಾಡ್ಕೊಂಡಿದೀರಿ?’ ಅಂದರೆ ‘ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದೇನೆ’ ಅನ್ನುತ್ತೇವೆ. ಕಾಯಂ ನೌಕರಿಗೆ ಇಂಗ್ಲಿಷಿನಲ್ಲಿ ‘ಐ ವರ್ಕ್ ಇನ್ ಅ ಬ್ಯಾಂಕ್.’ ‘ಐ ಆ್ಯಮ್ ವರ್ಕಿಂಗ್ ಇನ್ ಅ ಬ್ಯಾಂಕ್’ ತಪ್ಪಲ್ಲ, ಆದರೆ ಸದ್ಯಕ್ಕೆ, ತಾತ್ಕಾಲಿಕವಾಗಿ ಅನ್ನುವ ವಾಸನೆ ಬರುತ್ತದೆ. ಸಂದರ್ಶನದಲ್ಲಿ ಆ ವಾಸನೆ ಒಳ್ಳೆಯದಲ್ಲ.

ಮುಂದಿನ ಮಾತಿಗೂ ಇದೇ ಟೆನ್ಸ್ ಬರುತ್ತದೆ. ಮೊದಲೇ ನಿಶ್ಚಯವಾಗಿದ್ದರೆ ‘ಐ ಆ್ಯಮ್ ಮೀಟಿಂಗ್ ಹರ್ ಟುಮಾರೋ.’ ಮನುಷ್ಯರು ಮಾಡಿಕೊಂಡ ಏರ್ಪಾಡಿಗೆ ಮಾತ್ರ. ಮಳೆ ಯಾರೊಡನೆಯೂ ಗೊತ್ತು ಮಾಡಿಕೊಂಡು ಬರುವುದಿಲ್ಲವಾದ್ದರಿಂದ ‘ಇಟ್ ಈಸ್ ರೇನಿಂಗ್ ಟುಮಾರೋ’ ಅನ್ನುವಂತಿಲ್ಲ, ‘ಇಟ್ ಈಸ್ ಗೋಯಿಂಗ್ ಟು ರೇನ್’ ಅನ್ನಬೇಕು.

ಎರಡುನುಡಿಯವರಿಗೆ ಒಂದು ಸೇರಿಕೆ: ‘ಯಾವಾಗಲೂ’ ಬಂದರೆ ಸಿಂಪಲ್ ಪ್ರೆಸೆಂಟ್ ಅಂತ ಕಲಿಸುತ್ತಾರೆ. ರೇಗಿ ಹೇಳುವಾಗ ಹಾಗಲ್ಲ. ‘ಯಾವಾಗ ನೋಡಿದರೂ ಬೀಗದ ಕೈ ಕಳೆದುಕೊಳ್ಳುತ್ತಿರುತ್ತಾನೆ’ ಎಂಬ ಗೊಣಗಾಟಕ್ಕೆ ‘ಹಿ ಈಸ್ ಆಲ್ವೇಸ್ ಲೂಸಿಂಗ್ ಹಿಸ್ ಕೀಸ್.’ ‘ಹಿ ಆಲ್ವೇಸ್ ಲೂಸಸ್’ ಅಂದರೆ ಬರೀ ವರದಿಯ ಹಾಗಿರುತ್ತದೆ.

ಪ್ರಶ್ನೆ ಕೇಳಿದವರು: ಹೊಸಕಲಿಕೆ

ಮೂರು ಹೊಸ ವಾಕ್ಯ ಬರೆದಿದ್ದೇನೆ, ನೋಡಿ ಹೇಳಿ.

ಅಜ್ಜಿ ಮಲಗಿದ್ದಾರೆ: ‘ಗ್ರ್ಯಾಂಡ್‌ಮದರ್ ಆರ್ ಸ್ಲೀಪಿಂಗ್.’
ಅವಳು ಕನ್ನಡಕ ಹಾಕಿಕೊಂಡಿದ್ದಾಳೆ: ‘ಶಿ ಈಸ್ ವೇರಿಂಗ್ ಗ್ಲಾಸಸ್.’
ಬೆಳಿಗ್ಗೆಯಿಂದ ಕಾಯುತ್ತಿದ್ದೇನೆ: ‘ಐ ಹ್ಯಾವ್ ಬೀನ್ ವೇಟಿಂಗ್ ಸಿನ್ಸ್ ಮಾರ್ನಿಂಗ್.’

ಉತ್ತರ: ಪದಶೋಧ

ಮೊದಲನೆಯದರಲ್ಲಿ ಗೌರವ ಮತ್ತೆ ಕಾಲು ಎಳೆದಿದೆ. ಅಜ್ಜಿ ಒಬ್ಬರೇ, ‘ಈಸ್ ಸ್ಲೀಪಿಂಗ್’. ಮುಂದೆ ‘ಮೈ’ ಸೇರಿಸಿ. ಮೂರನೆಯದರಲ್ಲಿ ಟೆನ್ಸ್ ಸರಿ, ‘ಸಿನ್ಸ್’ ಸರಿ, ‘ಸಿನ್ಸ್ ದಿಸ್ ಮಾರ್ನಿಂಗ್’ ಅಂದರೆ ಪೂರ್ತಿ ಸರಿ. ಎರಡನೆಯದು ಈಗ ಅವಳ ಕಣ್ಣಿಗೆ ಕನ್ನಡಕ ಇದೆ ಅನ್ನುವ ಮಾತಾದರೆ ಹಾಗೇ ಬಿಡಿ. ಅವಳು ಕನ್ನಡಕದ ಹುಡುಗಿ, ದಿನವೂ ಹಾಕುವವಳು ಅನ್ನುವುದಾದರೆ ‘ಶಿ ವೇರ್ಸ್ ಗ್ಲಾಸಸ್’. ಆಗ ಅವಳು ಅದನ್ನು ತೆಗೆದು ಮೇಜಿನ ಮೇಲಿಟ್ಟಿದ್ದರೂ ವಾಕ್ಯ ನಿಜವೇ.